ದೀರ್ಘಕಾಲಿಕ ಮೂತ್ರಪಿಂಡ ರೋಗ ಮತ್ತು ರಕ್ತದ ಕೊಬ್ಬು: ಚರಿತ್ರೆ

ಮೂತ್ರಪಿಂಡಗಳು ವರ್ಷಗಟ್ಟಲೆ ಸೊರಗುತ್ತ ಹೋಗುವ ರೋಗಿಗಳ ರಕ್ತದಲ್ಲಿ ಕೊಬ್ಬಿನ ಲೆಕ್ಕವೂ ತಪ್ಪುತ್ತದೆ. ಕೆಲವರಲ್ಲಿ ಕೊಲೆಸ್ಟ್ರಾಲ್ ವಿಪರೀತ ಏರುತ್ತದೆ. ಕೆಲವರಲ್ಲಿ ಅದು ಮಾಮೂಲಿನಂತೆಯೇ ಇದ್ದು ಟ್ರೈಗ್ಲಿಸರೈಡ್ ಮಾತ್ರ ಹೆಚ್ಚುತ್ತದೆ. ಡಯಾಲಿಸಿಸ್ ಹಂತ ಮುಟ್ಟಿದ ಹಲವರಲ್ಲಿ ಕೊಲೆಸ್ಟ್ರಾಲ್ ಇಳಿದೇ ಹೋಗಿರುತ್ತದೆ. ಈ ಏರುಪೇರಿಗೆ ಸುಮಾರು ಇನ್ನೂರು ವರ್ಷಗಳ ದಾಖಲೆಯಿದೆ. ಆದರೆ ಆ ದಾಖಲೆಯಲ್ಲಿ ಮೂರು ಪ್ರಶ್ನೆಗಳು ಒಂದರೊಳಗೊಂದು ಕಲಸಿಹೋಗಿವೆ. ಕಿಡ್ನಿ ಕೆಟ್ಟರೆ ರಕ್ತದ ಕೊಬ್ಬು ಹೇಗೆ ಕೆಡುತ್ತದೆ? ಕೆಟ್ಟ ಕೊಬ್ಬು ಕಿಡ್ನಿಯನ್ನು ಇನ್ನಷ್ಟು ಕೆಡಿಸುತ್ತದೆಯೆ? ಕಿಡ್ನಿ ರೋಗಿಗಳನ್ನು ಕೊಲ್ಲುವ ಹೃದ್ರೋಗದಲ್ಲಿ ಆ ಕೊಬ್ಬಿನ ಪಾಲೆಷ್ಟು? ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದ್ದರಿಂದಲೇ ಈ ವಿಷಯದ ಬಹುಪಾಲು ಗೊಂದಲ ಹುಟ್ಟಿದೆ.

ಹಾಲುಬಣ್ಣದ ಸೀರಮ್

ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ಮೈಬಾವು, ಮೂತ್ರದಲ್ಲಿ ಆಲ್ಬ್ಯುಮಿನ್ ಮತ್ತು ಶವಪರೀಕ್ಷೆಯಲ್ಲಿ ಕಂಡ ರೋಗಗ್ರಸ್ತ ಕಿಡ್ನಿ, ಈ ಮೂರನ್ನೂ ಒಂದೇ ರೋಗಕ್ಕೆ ಸೇರಿಸಿದ. ಮುಂದೆ ಒಂದು ಶತಮಾನ ಕಾಲ ಕಿಡ್ನಿ ಕಾಯಿಲೆಗೆ ‘ಬ್ರೈಟನ ರೋಗ’ ಎಂಬ ಹೆಸರೇ ನಿಂತಿತು. ಇಂಥ ರೋಗಿಗಳ ರಕ್ತವನ್ನು ತೆಗೆದು ಹೆಪ್ಪುಗಟ್ಟಲು ಬಿಟ್ಟರೆ ಮೇಲೆ ನಿಲ್ಲುವ ಸೀರಮ್ ತಿಳಿಹಳದಿಯ ಬದಲು ಕೆಲವೊಮ್ಮೆ ಹಾಲಿನಂತೆ ಬೆಳ್ಳಗಿರುತ್ತಿತ್ತು. ಹಿಂದಿನದನ್ನು ಒಂದು ವಾಕ್ಯದಲ್ಲಿ ಮುಗಿಸುವ ಇಂದಿನ ವಿಮರ್ಶಾ ಲೇಖನಗಳು ಇದನ್ನು ಗುರುತಿಸಿದ ಶ್ರೇಯಸ್ಸನ್ನೂ ಬ್ರೈಟನಿಗೇ ಕೊಡುತ್ತವೆ. ಆದರೆ ರಕ್ತ ಹಾಲಿನಂತೆ, ಮಜ್ಜಿಗೆಯ ತಿಳಿಯಂತೆ ಕಾಣುವುದೇಕೆ ಎಂಬ ಪ್ರಶ್ನೆಗೆ ಪ್ರತ್ಯೇಕ ಲೇಖನವನ್ನೇ ಮೀಸಲಿಟ್ಟವನು ಎಡಿನ್‌ಬರೋದ ರಾಬರ್ಟ್ ಕ್ರಿಸ್ಟಿಸನ್. ಅದು ಪ್ರಕಟವಾದದ್ದು 1830ರಲ್ಲಿ, ಅಲ್ಲಿಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ.

ಇನ್ನೊಂದು ಸಣ್ಣ ಗೋಜಲು ರುಡಾಲ್ಫ್ ವಿರ್ಶೋನದು. ಬ್ರೈಟನ ರೋಗದಲ್ಲಿ ಕಿಡ್ನಿಯ ನಾಳಗಳ ಒಳಪದರದ ಜೀವಕೋಶಗಳಲ್ಲಿ ಕೊಬ್ಬು ತುಂಬಿಕೊಳ್ಳುವುದನ್ನು ಅವನು ವಿವರಿಸಿದ ವರ್ಷ ಕೆಲವು ಕಡೆ 1858, ಕೆಲವು ಕಡೆ 1860 ಎಂದಿದೆ. ಕೋಶರೋಗಶಾಸ್ತ್ರದ ಅವನ ಉಪನ್ಯಾಸಗಳು ಬರ್ಲಿನ್ನಿನಲ್ಲಿ ಪುಸ್ತಕವಾದದ್ದು 1858ರಲ್ಲಿ, ಇಂಗ್ಲಿಷಿಗೆ ಬಂದದ್ದು 1860ರಲ್ಲಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಗಮನ ಮೂತ್ರದ ಕಡೆ ಹೊರಳಿತು. 1913ರಲ್ಲಿ ಜರ್ಮನಿಯ ಫ್ರಿಟ್ಸ್ ಮುಂಕ್ ಇಂಥ ರೋಗಿಗಳ ಮೂತ್ರದ ಗಸಿಯನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ನೋಡಿ, ಬೆಳಕನ್ನು ಎರಡಾಗಿ ಸೀಳುವ ಕೊಬ್ಬಿನ ಹನಿಗಳನ್ನು ವರ್ಣಿಸಿದ. ಕಪ್ಪು ಹಿನ್ನೆಲೆಯಲ್ಲಿ ಹೊಳೆಯುವ ಪ್ರತಿ ಹನಿಯ ನಡುವೆಯೂ ನಾಲ್ಕು ತೋಳಿನ ಶಿಲುಬೆ ಕಾಣುತ್ತದೆ. ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಅದನ್ನು ‘ಮಾಲ್ಟೀಸ್ ಕ್ರಾಸ್’ ಎಂದೇ ಕಲಿಯುತ್ತಾರೆ. ಮುಂಕ್ ಈ ರೋಗವನ್ನು ಲಿಪಾಯ್ಡ್ ನೆಫ್ರೋಸಿಸ್ ಎಂದು ಕರೆದ. ಕಿಡ್ನಿಯ ಜೀವಕೋಶಗಳೇ ಕೊಬ್ಬಿಗೆ ತಿರುಗಿ ಅಳಿಯುತ್ತವೆ ಎಂಬ ಭಾವನೆ ಅದರ ಹಿಂದಿತ್ತು. 1957ರಲ್ಲಿ ಫಾರ್ಕರ್, ವರ್ನಿಯರ್ ಮತ್ತು ಗುಡ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದು ಬೇರೆಯೇ ಚಿತ್ರ. ಮೂಲ ಪೆಟ್ಟು ಬಿದ್ದಿದ್ದದ್ದು ಗ್ಲೊಮೆರುಲಸ್ ಎಂಬ ಸೋಸುಗೊಂಚಲಿನ ಪೋಡೋಸೈಟ್ ಜೀವಕೋಶಗಳಿಗೆ. ಸೋಸುಗೋಡೆಯಿಂದ ಪ್ರೋಟೀನಿನ ಜೊತೆ ಸೋರಿದ ಕೊಬ್ಬನ್ನು ಕೆಳಗಿನ ನಾಳದ ಜೀವಕೋಶಗಳು ಹೀರಿಕೊಂಡಿದ್ದವು, ಅಷ್ಟೆ. ಕೊಬ್ಬು ಕಾರಣವೆಂಬ ಪಟ್ಟದಿಂದ ಇಳಿದು ಪರಿಣಾಮದ ಸಾಲಿಗೆ ಬಂತು.

ಸಿಯಾಟಲ್ ಎತ್ತಿದ ಪ್ರಶ್ನೆ

ಕಿಡ್ನಿ ಪೂರ್ತಿ ನಿಂತುಹೋದವರು ಕೆಲವೇ ವಾರಗಳಲ್ಲಿ ಸಾಯುತ್ತಿದ್ದಷ್ಟು ಕಾಲ, ಅವರ ಕೊಲೆಸ್ಟ್ರಾಲ್ ಎಷ್ಟಿದೆ ಎಂದು ತಲೆಕೆಡಿಸಿಕೊಳ್ಳುವ ಅಗತ್ಯ ಯಾರಿಗೂ ಇರಲಿಲ್ಲ. 1960ರ ಮಾರ್ಚಿನಲ್ಲಿ ಆ ಸ್ಥಿತಿ ಬದಲಾಯಿತು. ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯ ಶಂಟ್ ಒಂದನ್ನು ರೋಗಿಯ ತೋಳಿಗೆ ಅಳವಡಿಸಿ, ಅದೇ ರಕ್ತನಾಳಗಳಿಂದ ಮತ್ತೆ ಮತ್ತೆ ಡಯಾಲಿಸಿಸ್ ಮಾಡಬಹುದೆಂದು ತೋರಿಸಿದ. ಮೊದಲ ರೋಗಿ ಬೋಯಿಂಗ್ ಕಾರ್ಖಾನೆಯ ಕೆಲಸಗಾರ ಕ್ಲೈಡ್ ಶೀಲ್ಡ್ಸ್. ಅವನು ಹನ್ನೊಂದು ವರ್ಷ ಬದುಕಿದ. 1971ರಲ್ಲಿ ಅವನನ್ನು ಕೊಂದದ್ದು ಹೃದಯಾಘಾತ.

ಅದೇ ಊರಿನಲ್ಲಿ ಎರಡು ಮುಖ್ಯ ವರದಿಗಳು ಹುಟ್ಟಿದವು. 1968ರಲ್ಲಿ ಬ್ಯಾಗ್ಡೇಡ್, ಪೋರ್ಟ್ ಮತ್ತು ಬೀರ್ಮನ್, ಟ್ರೈಗ್ಲಿಸರೈಡ್ ಏರುವುದು ಕಿಡ್ನಿ ವೈಫಲ್ಯದ್ದೇ ಚಯಾಪಚಯ ಪರಿಣಾಮ ಎಂದು ಪ್ರಕಟಿಸಿದರು. ಮೊದಲ ಪ್ರಶ್ನೆಗೆ ಸಿಕ್ಕ ಗಟ್ಟಿ ಉತ್ತರವಿದು. ಮುಂದಿನ ದಶಕಗಳು ಅದರ ಕಾರ್ಯವಿಧಾನವನ್ನು ತುಂಬಿಕೊಟ್ಟವು. ಟ್ರೈಗ್ಲಿಸರೈಡನ್ನು ಒಡೆಯುವ ಲಿಪೊಪ್ರೋಟೀನ್ ಲೈಪೇಸ್ ಕಿಣ್ವ ಈ ರೋಗಿಗಳಲ್ಲಿ ಸೋಲುತ್ತದೆ, ಅದಕ್ಕೆ ಅಡ್ಡಗಾಲು ಹಾಕುವ ಅಪೊ ಸಿ-3 ಪ್ರೋಟೀನ್ ಹೆಚ್ಚುತ್ತದೆ. ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಇಳಿಯುತ್ತದೆ. ಕೊಬ್ಬು ಹೊತ್ತೊಯ್ಯುವ ಲಿಪೊಪ್ರೋಟೀನ್ ಕಣಗಳ ಅರ್ಧಂಬರ್ಧ ಕರಗಿದ ಶೇಷಗಳು ರಕ್ತದಲ್ಲೇ ಸುತ್ತುತ್ತಿರುತ್ತವೆ. ಮೂತ್ರದಲ್ಲಿ ಪ್ರೋಟೀನ್ ಧಾರಾಳವಾಗಿ ಹೋಗುವ ನೆಫ್ರೋಟಿಕ್ ಸಿಂಡ್ರೋಮಿನ ಚಿತ್ರ ಇದಕ್ಕಿಂತ ಬೇರೆ. ಅಲ್ಲಿ ಯಕೃತ್ತು ಲಿಪೊಪ್ರೋಟೀನ್ ತಯಾರಿಕೆಯನ್ನು ಹೆಚ್ಚಿಸುತ್ತದೆ, ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ತೆರವಾಗುವುದು ನಿಧಾನವಾಗುತ್ತದೆ, ಕೊಲೆಸ್ಟ್ರಾಲ್ ಗಗನಕ್ಕೇರುತ್ತದೆ. ಈ ಎರಡನ್ನೂ ‘ಕಿಡ್ನಿ ರೋಗದ ಕೊಬ್ಬು’ ಎಂದು ಒಂದೇ ತಲೆಬರಹದಡಿ ಸೇರಿಸಿದ್ದು ನಂತರದ ಹಲವು ತಪ್ಪು ತೀರ್ಮಾನಗಳಿಗೆ ದಾರಿಯಾಯಿತು.

ಎರಡನೆಯ ವರದಿ 1974ರದು. ಲಿಂಡ್ನರ್, ಶಾರ, ಶೆರಾರ್ಡ್ ಮತ್ತು ಸ್ಕ್ರಿಬ್ನರ್ ತಮ್ಮಲ್ಲಿ ದೀರ್ಘಕಾಲ ಡಯಾಲಿಸಿಸ್ ಪಡೆದ 39 ರೋಗಿಗಳ ಲೆಕ್ಕ ಒಪ್ಪಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡಿದ್ದರು. ಅವರಲ್ಲಿ 14 ಜನರ ಸಾವಿಗೆ ಕಾರಣ ಗಡುಸಾದ ರಕ್ತನಾಳಗಳ ತೊಡಕುಗಳು. ವೇಗ ಪಡೆದ ಅಪಧಮನಿ ರೋಗ ಎಂಬ ಅವರ ಮಾತು ಪಠ್ಯಪುಸ್ತಕಗಳಿಗೆ ಸೇರಿತು. ನಿಜಕ್ಕೂ ಡಯಾಲಿಸಿಸ್ಸೇ ಆ ವೇಗ ಕೊಟ್ಟಿತೋ, ಅಥವಾ ಯಂತ್ರಕ್ಕೆ ಬರುವ ಮೊದಲೇ ವರ್ಷಗಟ್ಟಲೆ ಇದ್ದ ರಕ್ತದೊತ್ತಡ ಮತ್ತು ಕಿಡ್ನಿ ರೋಗ ನಾಳಗಳನ್ನು ಕೆಡಿಸಿಟ್ಟಿದ್ದವೋ ಎಂಬ ವಾದ ಆಮೇಲೂ ನಡೆಯಿತು. 39 ಜನರ ಲೆಕ್ಕದಿಂದ ಅದು ತೀರ್ಮಾನವಾಗುವಂತಿರಲಿಲ್ಲ.

ಮೂರ್‌ಹೆಡ್ ಮುಂದಿಟ್ಟ ಊಹೆ

ಚರಿತ್ರೆಯ ದೊಡ್ಡ ತಿರುವು 1982ರದು. ಆ ವರ್ಷದ ಡಿಸೆಂಬರಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಜಾನ್ ಮೂರ್‌ಹೆಡ್, ಸಹೋದ್ಯೋಗಿಗಳಾದ ಚಾನ್, ಎಲ್-ನಹಾಸ್ ಮತ್ತು ವರ್ಗೀಸ್ ಜೊತೆ ಬರೆದ ಲೇಖನವೊಂದು ಬಂತು. ಅದು ಪ್ರಯೋಗದ ವರದಿಯಲ್ಲ, ಊಹೆ. ಕೆಲವು ಪುಟಗಳ ಆ ಊಹೆ ಎರಡನೆಯ ಪ್ರಶ್ನೆಯನ್ನು ಮತ್ತೆ ತೆರೆಯಿತು.

ಅವರ ವಾದ ಒಂದು ವಿಷಚಕ್ರದ್ದು. ಯಾವುದೋ ಕಾರಣಕ್ಕೆ ಗ್ಲೊಮೆರುಲಸ್‌ನ ಸೋಸುಗೋಡೆ ಸೋರತೊಡಗುತ್ತದೆ. ಮೂತ್ರದಲ್ಲಿ ಆಲ್ಬ್ಯುಮಿನ್ ಹೋದಂತೆ ಯಕೃತ್ತು ಲಿಪೊಪ್ರೋಟೀನ್‌ಗಳನ್ನು ಹೆಚ್ಚಾಗಿ ತಯಾರಿಸುತ್ತದೆ. ಹೆಚ್ಚಿದ ಲಿಪೊಪ್ರೋಟೀನ್‌ಗಳು ಸೋಸುಗೋಡೆಯ ಋಣವಿದ್ಯುದಂಶದ ಅಣುಗಳಿಗೆ ಅಂಟಿ ಸೋರುವಿಕೆಯನ್ನು ಇನ್ನೂ ಹೆಚ್ಚಿಸುತ್ತವೆ. ಒಳನುಗ್ಗಿದ ಕೊಬ್ಬು ಗ್ಲೊಮೆರುಲಸ್‌ನ ಮೆಸಾಂಜಿಯಲ್ ಜೀವಕೋಶಗಳಲ್ಲಿ ಶೇಖರವಾಗಿ ಅವನ್ನು ಕೆರಳಿಸುತ್ತದೆ, ಸುತ್ತ ಗಾಯದ ಅಂಗಾಂಶ ಬೆಳೆಯುತ್ತದೆ. ಕೆಳಗಿಳಿದ ಕೊಬ್ಬು ನಾಳಗಳನ್ನೂ ಕೆಡಿಸುತ್ತದೆ. ಮೂಲ ರೋಗ ಶಮನವಾದರೂ ಕಿಡ್ನಿ ತನ್ನಷ್ಟಕ್ಕೆ ಹಾಳಾಗುತ್ತಲೇ ಹೋಗುವುದೇಕೆ ಎಂಬ ಹಳೆಯ ಒಗಟಿಗೆ ಇದೊಂದು ಉತ್ತರದಂತಿತ್ತು.

ಪ್ರಾಣಿಗಳಲ್ಲಿ ಆಧಾರ ಸಿಕ್ಕಿತು. ಕೊಲೆಸ್ಟ್ರಾಲ್ ತಿನ್ನಿಸಿದ ಗಿನಿಯಿಲಿಗಳ ಗ್ಲೊಮೆರುಲಸ್ ಗಡುಸಾಗುವುದನ್ನು 1967ರಷ್ಟು ಹಿಂದೆಯೇ ಗಮನಿಸಲಾಗಿತ್ತು. 1988ರಲ್ಲಿ ಮಿನಿಯಾಪೊಲಿಸ್‌ನ ಕಸಿಸ್ಕೆ, ಒ’ಡಾನೆಲ್, ಕೀನ್ ಮತ್ತಿತರರು ಹುಟ್ಟಿನಿಂದಲೇ ಬೊಜ್ಜಿರುವ ಜುಕರ್ ಇಲಿಗಳಿಗೆ ಕೊಬ್ಬು ಇಳಿಸುವ ಔಷಧ ಕೊಟ್ಟರು. ಗ್ಲೊಮೆರುಲಸ್ ಹಾನಿ ಕಡಿಮೆಯಾಯಿತು. ಆ ಔಷಧಗಳಲ್ಲಿ ಒಂದು ಲೊವಾಸ್ಟ್ಯಾಟಿನ್. ಜಪಾನಿನ ಅಕಿರಾ ಎಂಡೊ ಪೆನಿಸಿಲಿಯಂ ಬೂಷ್ಟಿನಲ್ಲಿ ಮೊದಲ ಸ್ಟ್ಯಾಟಿನ್ ಕಂಡುಹಿಡಿದು ಹದಿನೈದು ವರ್ಷವೂ ಕಳೆದಿರಲಿಲ್ಲ. ಲೊವಾಸ್ಟ್ಯಾಟಿನ್ ಅಮೆರಿಕದ ಅಂಗಡಿಗಳಿಗೆ ಬಂದದ್ದು 1987ರಲ್ಲಷ್ಟೆ. ಅದೇ 1988ರಲ್ಲಿ ಡೈಮಂಡ್ ಮತ್ತು ಕಾರ್ನೊವ್ಸ್ಕಿ, ಗ್ಲೊಮೆರುಲಸ್ ಗಡುಸಾಗುವ ಪ್ರಕ್ರಿಯೆಗೂ ಅಪಧಮನಿಯಲ್ಲಿ ಕೊಬ್ಬು ಕಟ್ಟುವ ಪ್ರಕ್ರಿಯೆಗೂ ಇರುವ ಹೋಲಿಕೆಗಳನ್ನು ಒಂದೊಂದಾಗಿ ಪಟ್ಟಿಮಾಡಿದರು.

ಮನುಷ್ಯರಲ್ಲಿ ಚಿತ್ರ ಅಷ್ಟು ಸ್ಪಷ್ಟವಿರಲಿಲ್ಲ. ವಿರುದ್ಧ ವಾದ ಸರಳವಾಗಿತ್ತು. ಆನುವಂಶಿಕ ಕೊಲೆಸ್ಟ್ರಾಲ್ ರೋಗವುಳ್ಳವರು ಹುಟ್ಟಿನಿಂದಲೇ ವಿಪರೀತ ಎಲ್‌ಡಿಎಲ್ ಹೊತ್ತು ಬದುಕುತ್ತಾರೆ. ಅವರನ್ನು ಎಳೆಯ ವಯಸ್ಸಿನಲ್ಲಿ ಕಾಡುವುದು ಹೃದಯಾಘಾತವೇ ಹೊರತು ಸಾಮಾನ್ಯವಾಗಿ ಕಿಡ್ನಿ ವೈಫಲ್ಯವಲ್ಲ. ಹಿಂದೆ ಲಿಪಾಯ್ಡ್ ನೆಫ್ರೋಸಿಸ್ ಎನ್ನಿಸಿಕೊಂಡಿದ್ದ ರೋಗದ ಮಕ್ಕಳಲ್ಲೂ ಕೊಬ್ಬು ಎಷ್ಟೇ ಏರಿದರೂ ಕಿಡ್ನಿ ಕೈಕೊಡುವುದು ಅಪರೂಪ.

ಊಹೆಯ ಪರ ನಿಂತದ್ದು ಎರಡು ವಿರಳ ರೋಗಗಳು. 1967ರಲ್ಲಿ ನಾರ್ವೆಯ ಕೋರೆ ನೋರುಮ್ ಮತ್ತು ಎಗಿಲ್ ಯೋನೆ 33 ವರ್ಷದ ಮಹಿಳೆಯೊಬ್ಬಳನ್ನು ಪರೀಕ್ಷಿಸಿದ್ದರು. ಕಣ್ಣಿನ ಕಾರ್ನಿಯ ಮಸುಕಾಗಿತ್ತು, ರಕ್ತಹೀನತೆಯಿತ್ತು, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಎಚ್‌ಡಿಎಲ್ ಪಕ್ವವಾಗಲು ಬೇಕಾದ ಎಲ್‌ಕ್ಯಾಟ್ ಎಂಬ ಕಿಣ್ವವೇ ಆಕೆಯ ರಕ್ತದಲ್ಲಿರಲಿಲ್ಲ. ಆಕೆಯ ಸಹೋದರಿಯರಲ್ಲೂ ಅದೇ ಕೊರತೆ ಕಂಡಿತು. ಈ ರೋಗಿಗಳ ಕಿಡ್ನಿಯಲ್ಲಿ ಕೊಬ್ಬು ತುಂಬಿದ ನೊರೆಕೋಶಗಳು ಸಿಗುತ್ತವೆ, ಹಲವರ ಕಿಡ್ನಿ ನಡುವಯಸ್ಸಿನಲ್ಲಿ ವಿಫಲವಾಗುತ್ತದೆ. ಎರಡನೆಯದು 1989ರಲ್ಲಿ ಜಪಾನಿನ ಸೈತೊ ಮತ್ತು ಸಂಗಡಿಗರು ವಿವರಿಸಿದ ಲಿಪೊಪ್ರೋಟೀನ್ ಗ್ಲೊಮೆರುಲೋಪತಿ. ಅಲ್ಲಿ ಗ್ಲೊಮೆರುಲಸ್‌ನ ಸೂಕ್ಷ್ಮನಾಳಗಳು ಲಿಪೊಪ್ರೋಟೀನ್ ಮುದ್ದೆಗಳಿಂದ ಉಬ್ಬಿ ಮುಚ್ಚಿಹೋಗಿರುತ್ತವೆ. ಅಪೊಲಿಪೊಪ್ರೋಟೀನ್ ಇ ಜೀನಿನ ದೋಷಗಳು ಇದಕ್ಕೆ ಕಾರಣವೆಂದು 1990ರ ದಶಕದಲ್ಲಿ ತಿಳಿಯಿತು. ಮೊದಲು ಸಿಕ್ಕ ರೂಪಾಂತರಕ್ಕೆ ಸೆಂಡೈ ನಗರದ ಹೆಸರಿದೆ. ಫೈಬ್ರೇಟ್ ಔಷಧ ಕೊಟ್ಟು ಕೊಬ್ಬು ಇಳಿಸಿದಾಗ ಇಂಥ ಕೆಲವು ರೋಗಿಗಳ ಮೂತ್ರದಲ್ಲಿ ಪ್ರೋಟೀನೂ ಇಳಿಯಿತು. ಹಾಗಾಗಿ, ಕೊಬ್ಬು ಕಿಡ್ನಿಯನ್ನು ಕೆಡಿಸಬಲ್ಲದು ಎಂಬುದಕ್ಕೆ ಪುರಾವೆಯುಂಟು. ಆದರೆ ಅದರಲ್ಲಿ ಬಹುಪಾಲು ಬಂದದ್ದು ಕೊಬ್ಬಿನ ಪ್ರಮಾಣ ಹೆಚ್ಚಿದ್ದ ರೋಗಗಳಿಂದಲ್ಲ, ಲಿಪೊಪ್ರೋಟೀನ್ ಕಣದ ರಚನೆಯೇ ಕೆಟ್ಟಿದ್ದ ರೋಗಗಳಿಂದ.

ಸಾಮಾನ್ಯ ಜನರ ಅಧ್ಯಯನಗಳೂ ಅದೇ ದಿಕ್ಕು ತೋರಿಸಿದವು. ಅಮೆರಿಕದ ಎರಿಕ್ ಅಧ್ಯಯನದ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ, 2000ದಲ್ಲಿ ಮಂಟ್ನರ್ ಮತ್ತಿತರರು ವರದಿ ಮಾಡಿದಂತೆ, ಕಿಡ್ನಿ ಕುಗ್ಗುವುದರ ಮುನ್ಸೂಚನೆ ಕೊಟ್ಟದ್ದು ಹೆಚ್ಚಿದ ಟ್ರೈಗ್ಲಿಸರೈಡ್ ಮತ್ತು ಇಳಿದ ಎಚ್‌ಡಿಎಲ್. ಎಲ್‌ಡಿಎಲ್ ಅಲ್ಲ.

ತಿರುವುಮುರುವಾದ ಲೆಕ್ಕ

ಮೂರನೆಯ ಪ್ರಶ್ನೆಯಲ್ಲಿ ದಾಖಲೆ ಅತ್ಯಂತ ಜಟಿಲ. 1982ರಲ್ಲಿ ಫ್ರಾನ್ಸಿನ ಡಯಾಫೇನ್ ಅಧ್ಯಯನ, 1990ರಲ್ಲಿ ಅಮೆರಿಕದ ಲೌರಿ ಮತ್ತು ಲ್ಯೂ ಪ್ರಕಟಿಸಿದ ಹನ್ನೆರಡು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ, ಎರಡೂ ಒಂದೇ ಮಾತು ಹೇಳಿದವು: ಡಯಾಲಿಸಿಸ್ ರೋಗಿಗಳಲ್ಲಿ ಕೊಲೆಸ್ಟ್ರಾಲ್ ಕಡಿಮೆಯಿದ್ದವರೇ ಹೆಚ್ಚು ಸಾಯುತ್ತಾರೆ. ಊರಿಗೆಲ್ಲ ಹೇಳುವ ಬುದ್ಧಿಮಾತು ಇಲ್ಲಿ ತಲೆಕೆಳಗಾಯಿತು. ಕಾಮ್ಯಾರ್ ಕಲಂತರ್-ಜಾದೆ ಮತ್ತಿತರರು 2003ರಲ್ಲಿ ಇದಕ್ಕೂ, ಬೊಜ್ಜು ಮತ್ತು ರಕ್ತದೊತ್ತಡದ ಇಂಥವೇ ವಿಚಿತ್ರಗಳಿಗೂ ಸೇರಿಸಿ ‘ತಿರುವುಮುರುವು ಸಾಂಕ್ರಾಮಿಕಶಾಸ್ತ್ರ’ ಎಂಬ ಚೌಕಟ್ಟು ಹಾಕಿದರು.

ಕೊಲೆಸ್ಟ್ರಾಲ್ ರಕ್ಷಕವೆಂದು ಇದರಿಂದ ಅರ್ಥ ತೆಗೆಯುವುದು ಸುಲಭವಾಗಿತ್ತು, ಕೆಲವರು ತೆಗೆದರು ಸಹ. ಆದರೆ 2004ರಲ್ಲಿ ಯೊಂಗ್ಮೇ ಲಿಯು, ಜೋಸೆಫ್ ಕೊರೆಶ್ ಮತ್ತು ಸಂಗಡಿಗರು 823 ಡಯಾಲಿಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಉರಿಯೂತ ಅಥವಾ ಅಪೌಷ್ಟಿಕತೆಯ ಲಕ್ಷಣ ಇದ್ದವರದು ಒಂದು, ಇಲ್ಲದವರದು ಇನ್ನೊಂದು. ಎರಡನೆಯ ಗುಂಪಿನಲ್ಲಿ ಕೊಲೆಸ್ಟ್ರಾಲ್ ಏರಿದಂತೆ ಸಾವಿನ ಅಪಾಯವೂ ಏರಿತು, ಎಲ್ಲರಲ್ಲೂ ಆಗುವಂತೆ. ಮೈಯೊಳಗಿನ ಉರಿಯೂತ ಮತ್ತು ಸೊರಗು ಒಂದು ಕಡೆ ಕೊಲೆಸ್ಟ್ರಾಲನ್ನು ಇಳಿಸುತ್ತವೆ, ಇನ್ನೊಂದು ಕಡೆ ರೋಗಿಯನ್ನು ಕೊಲ್ಲುತ್ತವೆ. ಲೆಕ್ಕದ ಹಾಳೆಯಲ್ಲಿ ಮಾತ್ರ ಕಡಿಮೆ ಕೊಲೆಸ್ಟ್ರಾಲೇ ಅಪರಾಧಿಯಂತೆ ಕಾಣುತ್ತದೆ.

ಮೂರು ದೊಡ್ಡ ಪ್ರಯೋಗಗಳು

ಸ್ಟ್ಯಾಟಿನ್‌ಗಳು ಹೃದ್ರೋಗಿಗಳ ಜೀವ ಉಳಿಸುತ್ತವೆಂದು 1994ರಲ್ಲೇ ಸಾಬೀತಾಗಿತ್ತು. ಆದರೆ ಅಂಥ ಪ್ರಯೋಗಗಳಲ್ಲಿ ಕಿಡ್ನಿ ರೋಗ ಮುಂದುವರಿದವರನ್ನು ಸಾಮಾನ್ಯವಾಗಿ ಹೊರಗಿಡುತ್ತಿದ್ದರು. ಅಮೆರಿಕದ ಕೆ/ಡೋಕಿ ಮಾರ್ಗಸೂಚಿ 2003ರಲ್ಲಿ ಕಿಡ್ನಿ ರೋಗಿಗಳ ಎಲ್‌ಡಿಎಲ್ 100 ಮಿಲಿಗ್ರಾಂಗಿಂತ ಕೆಳಗಿರಬೇಕೆಂದು ಹೇಳಿದ್ದು ಹೆಚ್ಚಾಗಿ ಇತರರ ಅನುಭವವನ್ನು ಇವರಿಗೂ ಅನ್ವಯಿಸಿ.

2005ರಲ್ಲಿ ಜರ್ಮನಿಯ ‘4ಡಿ’ ಪ್ರಯೋಗದ ಫಲಿತಾಂಶ ಬಂತು. ಕ್ರಿಸ್ಟೋಫ್ ವಾನರ್ ನೇತೃತ್ವದಲ್ಲಿ, ಮಧುಮೇಹವಿದ್ದು ಡಯಾಲಿಸಿಸ್ ಪಡೆಯುತ್ತಿದ್ದ 1,255 ಮಂದಿಗೆ ಅಟೊರ್ವಾಸ್ಟ್ಯಾಟಿನ್ 20 ಮಿಲಿಗ್ರಾಂ ಅಥವಾ ಹುಸಿಮಾತ್ರೆ ಕೊಡಲಾಗಿತ್ತು. ಎಲ್‌ಡಿಎಲ್ ಶೇ 42ರಷ್ಟು ಇಳಿಯಿತು. ಹೃದಯ ಮತ್ತು ಮಿದುಳಿನ ಆಘಾತಗಳ ಮುಖ್ಯ ಲೆಕ್ಕದಲ್ಲಿ ಮಾತ್ರ ಔಷಧ ಪಡೆದವರು ಶೇ 37, ಹುಸಿಮಾತ್ರೆಯವರು ಶೇ 38. ಮಾರಕ ಪಾರ್ಶ್ವವಾಯು ಔಷಧ ಪಡೆದವರಲ್ಲೇ ಹೆಚ್ಚಿತ್ತು, 13ಕ್ಕೆ 27. ನಾಲ್ಕು ವರ್ಷದ ನಂತರ ‘ಅರೋರಾ’ ಪ್ರಯೋಗ 25 ದೇಶಗಳ 2,776 ಡಯಾಲಿಸಿಸ್ ರೋಗಿಗಳಲ್ಲಿ ರೊಸುವಾಸ್ಟ್ಯಾಟಿನ್ ಬಳಸಿ ಅದೇ ಕಥೆ ಹೇಳಿತು: 396 ಘಟನೆ ಒಂದು ಕಡೆ, 408 ಇನ್ನೊಂದು ಕಡೆ. ಇದಕ್ಕೊಂದು ವಿವರಣೆಯುಂಟು: ಡಯಾಲಿಸಿಸ್ ರೋಗಿಗಳ ಹೃದಯ ಸಂಬಂಧಿ ಸಾವುಗಳಲ್ಲಿ ದೊಡ್ಡ ಪಾಲು ಹಠಾತ್ ಲಯತಪ್ಪುವಿಕೆ ಮತ್ತು ಹೃದಯ ವೈಫಲ್ಯದ್ದು. ರಕ್ತನಾಳಗಳು ಕೊಬ್ಬಿನ ಜೊತೆಗೆ ಸುಣ್ಣಗಟ್ಟಿಯೂ ಇರುತ್ತವೆ. ಇವಕ್ಕೆ ಸ್ಟ್ಯಾಟಿನ್ ಮದ್ದಲ್ಲ.

ಹೆಚ್ಚು ಚರ್ಚೆಗೆ ಒಳಗಾದದ್ದು ಆಕ್ಸ್‌ಫರ್ಡಿನ ಕಾಲಿನ್ ಬೇಜೆಂಟ್ ಮತ್ತಿತರರ ‘ಶಾರ್ಪ್’. 2011ರಲ್ಲಿ ಪ್ರಕಟವಾದ ಇದರಲ್ಲಿ 9,270 ಮಂದಿ ಇದ್ದರು. 3,023 ಮಂದಿ ಡಯಾಲಿಸಿಸ್‌ನವರು, ಉಳಿದವರು ಇನ್ನೂ ಆ ಹಂತಕ್ಕೆ ಬರದವರು. ಸಿಮ್ವಾಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಪಡೆದವರಲ್ಲಿ ಅಪಧಮನಿ ಸಂಬಂಧಿ ದೊಡ್ಡ ಆಘಾತಗಳು ಶೇ 17ರಷ್ಟು ಕಡಿಮೆಯಾದವು: ಸುಮಾರು ಐದು ವರ್ಷದಲ್ಲಿ 619ರ ಬದಲು 526. ಇಲ್ಲೊಂದು ಸೂಕ್ಷ್ಮವಿದೆ. ಪ್ರಯೋಗ ಹೊರಟಾಗ ಅಳೆಯಬೇಕೆಂದಿದ್ದ ಮುಖ್ಯ ಫಲಿತಾಂಶ ಇದಕ್ಕಿಂತ ವಿಶಾಲವಾಗಿತ್ತು. ಕೊಬ್ಬಿಗೆ ಸಂಬಂಧಿಸದ ಹೃದಯದ ಸಾವುಗಳನ್ನು ಬಿಟ್ಟು ಲೆಕ್ಕವನ್ನು ಅಪಧಮನಿ ಘಟನೆಗಳಿಗೆ ಸೀಮಿತಗೊಳಿಸಿದ್ದು ನಡುವೆ, ಯಾರಿಗೆ ಯಾವ ಮಾತ್ರೆ ಎಂಬ ಗುಟ್ಟು ತೆರೆಯುವ ಮೊದಲು. ಬದಲಾವಣೆ ಬಹಿರಂಗವಾಗಿಯೇ ನಡೆಯಿತು.

ಡಯಾಲಿಸಿಸ್ ರೋಗಿಗಳಿಗೂ ಲಾಭ ಆಯಿತೇ ಎಂಬಲ್ಲಿ ಓದು ಎರಡಾಗುತ್ತದೆ. ಅವರಲ್ಲಿ ಕಂಡ ಲಾಭ ಉಳಿದವರಿಗಿಂತ ಭಿನ್ನವೆಂದು ಹೇಳಲು ಅಂಕಿಅಂಶಗಳ ಆಧಾರ ಸಾಲದು ಎಂಬುದು ಶಾರ್ಪ್ ತಂಡದ ನಿಲುವು. ಆ ಗುಂಪನ್ನು ಪ್ರತ್ಯೇಕ ನೋಡಿದರೆ ಲಾಭ ಸಾಬೀತಾಗಿಲ್ಲ, 4ಡಿ ಮತ್ತು ಅರೋರಾ ಜೊತೆ ಇಟ್ಟರೆ ಇನ್ನೂ ಅನುಮಾನ ಎಂಬುದು ಎದುರು ನಿಲುವು. ಸ್ಟ್ಯಾಟಿನ್ ಪ್ರಯೋಗಗಳ ಅಂತರರಾಷ್ಟ್ರೀಯ ಕೂಟವೊಂದು 28 ಪ್ರಯೋಗಗಳ ದತ್ತಾಂಶ ಜೋಡಿಸಿ 2016ರಲ್ಲಿ ಕೊಟ್ಟ ಉತ್ತರ ನಡುವಿನದು: ಕಿಡ್ನಿಯ ಸೋಸುವ ಶಕ್ತಿ ಕುಗ್ಗಿದಷ್ಟೂ ಎಲ್‌ಡಿಎಲ್ ಇಳಿಸುವುದರ ಲಾಭ ಚಿಕ್ಕದಾಗುತ್ತ ಹೋಗುತ್ತದೆ.

ಮೂರ್‌ಹೆಡ್ ಊಹೆಯ ದೊಡ್ಡ ಪರೀಕ್ಷೆಯೂ ಶಾರ್ಪ್‌ನಲ್ಲೇ ನಡೆಯಿತು. ಡಯಾಲಿಸಿಸ್‌ಗೆ ಬರದೆ ಪ್ರಯೋಗ ಸೇರಿದ್ದವರಲ್ಲಿ ಕಿಡ್ನಿ ಕೊನೆಯ ಹಂತ ಮುಟ್ಟಿದವರು ಔಷಧದ ಗುಂಪಿನಲ್ಲಿ ಶೇ 33.9, ಹುಸಿಮಾತ್ರೆಯ ಗುಂಪಿನಲ್ಲಿ ಶೇ 34.6. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಹದಿಮೂರು ಚಿಕ್ಕ ಪ್ರಯೋಗಗಳನ್ನು ಕೂಡಿಸಿ 2001ರಲ್ಲಿ ಹುಟ್ಟಿದ್ದ ಆಸೆ ಇದರಿಂದ ಬಹುಮಟ್ಟಿಗೆ ಕುಸಿಯಿತು.

ಮಾರ್ಗಸೂಚಿಗಳ ಭಿನ್ನಮತ

ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊ 2013ರಲ್ಲಿ ಈ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಲ್‌ಡಿಎಲ್ ಗುರಿಯನ್ನೇ ಕೈಬಿಟ್ಟಿತು. ಐವತ್ತು ದಾಟಿದ, ಡಯಾಲಿಸಿಸ್ ಇಲ್ಲದ ಕಿಡ್ನಿ ರೋಗಿಗೆ ಕೊಲೆಸ್ಟ್ರಾಲ್ ಎಷ್ಟೇ ಇರಲಿ ಸ್ಟ್ಯಾಟಿನ್ ಕೊಡಿ. ಅಧ್ಯಯನದಲ್ಲಿ ಸುರಕ್ಷಿತವೆಂದು ಕಂಡ ಪ್ರಮಾಣವನ್ನೇ ಕೊಡಿ. ಬಹುಪಾಲು ರೋಗಿಗಳಲ್ಲಿ ಮತ್ತೆ ಮತ್ತೆ ಅಳೆಯುವ ಅಗತ್ಯವಿಲ್ಲ. ಡಯಾಲಿಸಿಸ್ ರೋಗಿಗೆ ಹೊಸದಾಗಿ ಶುರುಮಾಡಬೇಡಿ; ಮೊದಲೇ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಬೇಡಿ. ಯುರೋಪಿನ ಹೃದ್ರೋಗ ತಜ್ಞರ 2019ರ ಮಾರ್ಗಸೂಚಿ ಗುರಿಯನ್ನು ಬಿಡಲಿಲ್ಲ, ಕೆಳಗಿಳಿಸಿತು: ಮಧ್ಯಮ ಕಿಡ್ನಿ ರೋಗಕ್ಕೆ 70, ತೀವ್ರ ರೋಗಕ್ಕೆ 55 ಮಿಲಿಗ್ರಾಂ. ಒಬ್ಬನೇ ರೋಗಿ ಕಿಡ್ನಿ ವೈದ್ಯರ ಬಳಿ ಒಂದು ಮಾತನ್ನೂ ಹೃದ್ರೋಗ ವೈದ್ಯರ ಬಳಿ ಇನ್ನೊಂದನ್ನೂ ಕೇಳಿಬರುವ ಸಾಧ್ಯತೆ ಹೀಗೆ ಉಳಿದುಕೊಂಡಿದೆ.

ರಕ್ತದಿಂದ ಜೀವಕೋಶದೊಳಗೆ

ಇತ್ತೀಚಿನ ಸಂಶೋಧನೆ ರಕ್ತದ ಕೊಬ್ಬಿನ ಅಂಕಿಯಿಂದ ಜೀವಕೋಶದ ಕೊಬ್ಬಿನತ್ತ ಸರಿದಿದೆ. 2009ರಲ್ಲಿ ರುವಾನ್, ವರ್ಗೀಸ್ ಮತ್ತು ಸ್ವತಃ ಮೂರ್‌ಹೆಡ್ ತಮ್ಮ ಊಹೆಯನ್ನು ತಿದ್ದಿಬರೆದರು: ಉರಿಯೂತ ಕೊಬ್ಬನ್ನು ರಕ್ತದಿಂದ ಅಂಗಾಂಶಗಳಿಗೆ ತಳ್ಳುತ್ತದೆ, ಆದ್ದರಿಂದ ರಕ್ತದ ವರದಿ ಸರಿಯಿದ್ದರೂ ಕಿಡ್ನಿಯಲ್ಲಿ ಕೊಬ್ಬು ತುಂಬಿರಬಹುದು. ಮಯಾಮಿಯ ಅಲೆಸಿಯಾ ಫೋರ್ನೋನಿ, ಸಾಂಡ್ರಾ ಮೆರ್ಷರ್ ಮತ್ತಿತರರು 2013ರಲ್ಲಿ, ಕೊಲೆಸ್ಟ್ರಾಲನ್ನು ಜೀವಕೋಶದಿಂದ ಹೊರಗೆಳೆಯುವ ಸೈಕ್ಲೋಡೆಕ್ಸ್‌ಟ್ರಿನ್ ಮಧುಮೇಹಿ ಇಲಿಗಳ ಪೋಡೋಸೈಟ್‌ಗಳನ್ನು ಕಾಪಾಡುತ್ತದೆಂದು ವರದಿ ಮಾಡಿದರು. 2015ರಲ್ಲಿ ಕಟಾಲಿನ್ ಸುಸ್ಟಾಕ್ ತಂಡ ಇನ್ನೊಂದು ಬದಿ ತೋರಿಸಿತು. ಕಿಡ್ನಿಯ ನಾಳಕೋಶಗಳು ತಮ್ಮ ಶಕ್ತಿಗೆ ಕೊಬ್ಬಿನಾಮ್ಲಗಳನ್ನೇ ಸುಡುತ್ತವೆ. ಆ ಸುಡುವ ಕೆಲಸ ಕುಂಠಿತವಾದಾಗ ಕೊಬ್ಬು ಶೇಖರವಾಗಿ ನಾರುಗಟ್ಟುವಿಕೆ ಶುರುವಾಗುತ್ತದೆ.

2010ರಲ್ಲಿ ಆಫ್ರಿಕನ್ ಮೂಲದ ಜನರಲ್ಲಿ ಕಿಡ್ನಿ ರೋಗ ಹೆಚ್ಚಾಗಿರುವುದಕ್ಕೆ ಎಪಿಒಎಲ್1 ಜೀನಿನ ಎರಡು ರೂಪಾಂತರಗಳು ಕಾರಣವೆಂದು ಪತ್ತೆಯಾಯಿತು. ಅದು ತಯಾರಿಸುವ ಪ್ರೋಟೀನ್ ಎಚ್‌ಡಿಎಲ್ ಕಣಗಳ ಮೇಲೆ ಸವಾರಿ ಮಾಡುತ್ತದೆ, ನಿದ್ರಾರೋಗದ ಪರಾವಲಂಬಿಯನ್ನು ಕೊಲ್ಲುತ್ತದೆ. ಹೆಸರಿನಲ್ಲಿ ಅಪೊಲಿಪೊಪ್ರೋಟೀನ್ ಇರುವುದರಿಂದ ಇದನ್ನೂ ಕೊಬ್ಬಿನ ಚರಿತ್ರೆಗೆ ಸೇರಿಸುವುದುಂಟು. ಆದರೆ ಅದರ ಹಾನಿ ರಕ್ತದಲ್ಲಿ ಸುತ್ತುವ ಪ್ರೋಟೀನಿನಿಂದಲ್ಲ, ಕಿಡ್ನಿಯ ಜೀವಕೋಶಗಳೊಳಗೇ ತಯಾರಾಗುವ ಪ್ರೋಟೀನಿನಿಂದ ಎಂಬುದಕ್ಕೆ ಬದಲಿ ಕಿಡ್ನಿಗಳ ಅನುಭವ ಒತ್ತು ಕೊಡುತ್ತದೆ. ಜೋಡಿಸಿದ ಕಿಡ್ನಿ ಎಷ್ಟು ಕಾಲ ಬಾಳುತ್ತದೆ ಎಂಬುದು ಪಡೆದವರ ಜೀನಿಗಿಂತ ಕೊಟ್ಟವರ ಎಪಿಒಎಲ್1 ಜೀನನ್ನೇ ಹೆಚ್ಚಾಗಿ ಅವಲಂಬಿಸಿದೆ.